ಗೇಟಿನ ಒಳಗೆ ಅಮ್ಮ, ಹೊರಗೆ ಚಿಕ್ಕಮ್ಮ

"ಅಮ್ಮಾ, ಇಡೀ ಪೇಪರ್ ಮುಗಿಸಿದೆ! ಒಂದು ಪ್ರಶ್ನೆನೂ ಬಿಟ್ಟಿಲ್ಲ! ಇನ್ನೂ ಟೈಮ್ ಉಳಿದಿತ್ತು, ಗೊತ್ತಾ?"

ಶಾಲೆಯಿಂದ ಬಂದ ಟೀಚರಮ್ಮ ಇನ್ನೂ ಬಾಗಿಲಲ್ಲೇ ಇದ್ದಳು. ಹೆಗಲಲ್ಲಿ ಚೀಲ, ಒಂದೇ ಕಾಲಲ್ಲಿ ಚಪ್ಪಲಿ. ಮಗಳು ಗುಬ್ಬಿ ಅಭ್ಯಾಸದ ಪ್ರಶ್ನೆಪತ್ರಿಕೆಯನ್ನು ಅವಳ ಮೂಗಿನ ಮುಂದೆ ಹಿಡಿದು ಕುಣಿಯುತ್ತಿದ್ದಳು. ಇಡೀ ವರ್ಷ ಒಮ್ಮೆಯೂ ಅರ್ಧ ಪತ್ರಿಕೆ ದಾಟದ ಹುಡುಗಿ! ಗಡಿಯಾರ ಇಟ್ಟು ಕೂರಿಸಿದರೆ ಬೆರಳು ಮರಗಟ್ಟಿಹೋಗುವ ಹುಡುಗಿ! ಬೇರೆ ಯಾವ ತಾಯಿಯಾದರೂ ಚೀಲ ಬಿಸಾಕಿ ಮಗಳನ್ನು ಬಾಚಿ ತಬ್ಬಿಕೊಳ್ಳುತ್ತಿದ್ದಳು. ಟೀಚರಮ್ಮನೂ ತೋಳು ಚಾಚಿದ್ದಳು, ಸುಳ್ಳು ಹೇಳಬಾರದು. ಆದರೆ ಬಾಯಿ ಸುಮ್ಮನಿರಬೇಕಲ್ಲ!

"ಎಲ್ಲಿ ಕೂತು ಬರೆದೆ?"

"ಚಿಕ್ಕಮ್ಮನ ಪಾರ್ಲರಲ್ಲಿ."

"ಆ ಗಲಾಟೆಯಲ್ಲಾ? ನಿನಗೇ ಅಂತ ಮೇಲೆ ಒಂದು ಕೋಣೆ ಖಾಲಿ ಮಾಡಿಸಿಕೊಟ್ಟಿದ್ದೀನಿ, ಟೇಬಲ್ ಹಾಕಿಸಿದ್ದೀನಿ, ಬಾಗಿಲು ಹಾಕಿದ್ರೆ ಸೊಳ್ಳೆ ಸದ್ದೂ ಕೇಳಲ್ಲ..."

"ಏನೋ ಗೊತ್ತಿಲ್ಲಮ್ಮ. ಚಿಕ್ಕಮ್ಮನ ಹತ್ರ ಕೂತ್ರೆ ನಂಗೆ ಎದೆ ಹೊಡ್ಕೊಳಲ್ಲ."

ಚಾಚಿದ ತೋಳು ಹಾಗೇ ಕೆಳಗಿಳಿಯಿತು. ಹೊಟ್ಟೆಯೊಳಗೆ ಯಾರೋ ಕೆಂಡ ಇಟ್ಟಂತಾಯಿತು. "ಕೈಕಾಲು ತೊಳ್ಕೊಂಡು ಬರ್ತೀನಿ" ಎಂದು ಟೀಚರಮ್ಮ ಬಚ್ಚಲುಮನೆಗೆ ಹೋಗಿ, ಸದ್ದು ಹೊರಗೆ ಕೇಳದಿರಲಿ ಎಂದು ನಲ್ಲಿ ಪೂರ್ತಿ ಬಿಟ್ಟುಕೊಂಡು ಅತ್ತಳು. ಮಗಳು ಗೆದ್ದಳೆಂದು ಸಂಕಟಪಟ್ಟು ಅಳುವ ತಾಯಿ ಎಲ್ಲಾದರೂ ಉಂಟೇ ಎಂದು ನೀವು ಕೇಳಬಹುದು. ಈ ಮನೆಯಲ್ಲಿ ಒಬ್ಬಳಿದ್ದಳು.

ಆ ಮನೆಯಲ್ಲಿ ಅಣ್ಣತಮ್ಮಂದಿರ ಎರಡು ಸಂಸಾರ, ಅಡುಗೆಮನೆ ಒಂದೇ. ಅಣ್ಣನದು ಔಷಧಿ ಅಂಗಡಿ. ಅವನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಬೀದಿಯವರಿಗೆಲ್ಲ, ಕೊನೆಗೆ ಗಂಡನಿಗೂ, ಅವಳು ಟೀಚರಮ್ಮನೇ. ತಮ್ಮ ದೂರದೂರಿಗೆ ಲಾರಿ ಓಡಿಸುವವನು, ಮನೆಗೆ ಬಂದರೆ ನೆಂಟನಂತೆ ಬಂದು ಹೋಗುವವನು. ಅವನ ಹೆಂಡತಿ ಬೀದಿಗೆ ಮುಖಮಾಡಿದ ಮುಂದಿನ ಕೋಣೆಯಲ್ಲಿ ಎರಡು ಕನ್ನಡಿ, ಎರಡು ಕುರ್ಚಿ, ಒಂದು ಬೆಂಚು ಹಾಕಿಕೊಂಡು ಹೆಂಗಸರ ಪಾರ್ಲರ್ ನಡೆಸುತ್ತಿದ್ದಳು. ಅವಳಿಗೆ ಮಕ್ಕಳಾಗಿರಲಿಲ್ಲ. ಇಡೀ ಮನೆಗೆ ಗುಬ್ಬಿ ಒಬ್ಬಳೇ ಮಗು. ಊಟ ಗುಬ್ಬಚ್ಚಿಯಷ್ಟು, ಸದ್ದಿಗೆ ಬೆಚ್ಚುವುದೂ ಗುಬ್ಬಚ್ಚಿಯ ಹಾಗೇ, ಆದ್ದರಿಂದ ಆ ಹೆಸರು.

ಬೀದಿನಾಯಿಯ ಕಾಲಿಗೆ ತನ್ನ ಹೊಸ ಕರವಸ್ತ್ರ ಹರಿದು ಪಟ್ಟಿ ಕಟ್ಟುವ ಈ ಹುಡುಗಿಗೆ ಪಶುವೈದ್ಯೆ ಆಗಬೇಕೆಂಬುದೊಂದೇ ಆಸೆ. ಆ ಕಾಲೇಜಿಗೆ ಪ್ರವೇಶ ಪರೀಕ್ಷೆ ಉಂಟು. ಯಾರಿಗೇ ಆಗಲಿ ಎರಡೇ ಅವಕಾಶ. ಹೋದ ವರ್ಷದ ಅವಕಾಶ ಮಣ್ಣುಪಾಲಾಗಿತ್ತು. ನಾಲ್ಕನೆಯ ಪ್ರಶ್ನೆ ಬರಲಿಲ್ಲವೆಂದು ಅದರ ಮುಂದೆಯೇ ಗುಬ್ಬಿ ಕೂತಳು... ಕೂತೇ ಇದ್ದಳು. ಅರ್ಧ ಸಮಯ ಆಯಿತೆಂದು ಕೂಗಿದಾಗ ಕಣ್ಣು ಕತ್ತಲೆಗಟ್ಟಿತು, ಕೈ ಬೆವತು ಪೆನ್ನು ಜಾರಿತು. ಮನೆಯಲ್ಲಿ ಕೇಳಿದರೆ ಎಲ್ಲಾ ಬರುತ್ತದೆ, ಅಲ್ಲಿ ಏನೂ ಬರಲಿಲ್ಲ! ಉಳಿದದ್ದು ಇದೊಂದೇ ಅವಕಾಶ. ಇದೂ ಹೋದರೆ ಆ ಕಾಲೇಜಿನ ಬಾಗಿಲು ಮುಚ್ಚಿದಂತೆಯೇ.

ಟೀಚರಮ್ಮ ಕೈಕಟ್ಟಿ ಕೂರುವ ಹೆಂಗಸಲ್ಲ. ವರ್ಷಗಟ್ಟಲೆ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕಿಯಾಗಿ ನಿಂತವಳು. ಅವಳು ಕಾಲಿಟ್ಟ ಕೊಠಡಿಯಲ್ಲಿ ಫ್ಯಾನ್ ಕೂಡ ಮೆಲ್ಲಗೆ ತಿರುಗುತ್ತದೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಮೇಲಿನ ಕೋಣೆಯನ್ನು ಪರೀಕ್ಷಾ ಕೊಠಡಿ ಮಾಡಿದಳು. ಸ್ಟಾಪ್‌ವಾಚನ್ನು ಕೊರಳಿಗೆ ಹಾಕಿಕೊಂಡಳು. ಮಗಳು ಬರೆಯುವಾಗ ಎದುರಿಗೇ ನಿಂತು, "ಕಾಲು ಭಾಗ ಹೋಯ್ತು... ಅರ್ಧ ಹೋಯ್ತು... ಇನ್ನು ಐದೇ ನಿಮಿಷ!" ಎಂದು ಸ್ಕೇಲಿನಿಂದ ಟೇಬಲ್ ತಟ್ಟುವಳು. ಅಭ್ಯಾಸವಾಗಲಿ, ಧೈರ್ಯ ಬರಲಿ ಎಂದೇ ಮಾಡಿದ್ದು, ಪಾಪ. ಹುಡುಗಿ ಮಾತ್ರ ದಿನದಿಂದ ದಿನಕ್ಕೆ ಕರಗುತ್ತಾ ಹೋದಳು.

ಇತ್ತ ಚಿಕ್ಕಮ್ಮ ಮಾಡಿದ್ದಾದರೂ ಏನು? ಅವಳೂ ಒಂದು ಕಾಲದಲ್ಲಿ ನರ್ಸಿಂಗ್ ಪರೀಕ್ಷೆಗೆ ಕೂತು, ಕೈ ನಡುಗಿ ಖಾಲಿ ಕಾಗದ ಕೊಟ್ಟು ಎದ್ದು ಬಂದವಳೇ. ಒಂದು ದಿನ ಗುಬ್ಬಿ ಪುಸ್ತಕ ಹಿಡಿದು ಬೆಂಚಿನ ಮೇಲೆ ಬಂದು ಮುದುಡಿ ಕೂತಾಗ, ಗಿರಾಕಿಯ ತಲೆ ಬಾಚುತ್ತಲೇ ಅಂದಳು: "ನೋಡು ಗುಬ್ಬಿ, ಒಬ್ಬರ ತಲೇಲಿ ಒಂದು ಸಿಕ್ಕು ಬಿಡಿಸ್ತಾ ಕೂತ್ರೆ ಕಾಯ್ತಾ ಇರೋರೆಲ್ಲ ಎದ್ದು ಹೋಗ್ತಾರೆ. ಸಿಕ್ಕು ಬಿಡಲಿಲ್ವಾ? ಅದಕ್ಕೊಂದು ಕ್ಲಿಪ್ ಹಾಕು, ಮುಂದಕ್ಕೆ ಬಾಚು. ಕೊನೆಗೆ ನೋಡ್ಕೊಂಡ್ರಾಯ್ತು. ನಾನು ಆವತ್ತು ಪರೀಕ್ಷೇಲಿ ಕ್ಲಿಪ್ ಹಾಕದೇನೇ ಕೂತೆ, ಕೆಟ್ಟೆ."

"ಎದೆ ಹೊಡ್ಕೊಂಡ್ರೆ?"

"ಹೊಡ್ಕೊಳ್ಲಿ ಬಿಡು, ಅದರ ಕೆಲಸ ಅದು! ಪೆನ್ನು ಕೆಳಗಿಡು. ಪಾದ ಎರಡೂ ನೆಲಕ್ಕೆ ಊರು. ಬಿಸಿ ಕಾಫಿ ಆರಿಸ್ತೀಯಲ್ಲ, ಹಾಗೆ ಮೆಲ್ಲಗೆ ಉಸಿರು ಬಿಡು. ಆಮೇಲೆ ಪೆನ್ನು ತಗೋ."

ಇದೇ ಮಾತನ್ನು, ಬಾರದ ಪ್ರಶ್ನೆ ಬಿಟ್ಟು ಮುಂದೆ ಹೋಗೆಂದು, ಟೀಚರಮ್ಮ ನೂರು ಸಲ ಹೇಳಿದ್ದಳು! ಗಂಟಲು ಹರಿಯುವ ಹಾಗೆ ಹೇಳಿದ್ದಳು! ತಾನು ಹೇಳಿದ್ದು ಕಿವಿಗೆ ಬೀಳಲಿಲ್ಲ, ಅವಳು ಹೇಳಿದ್ದು ಎದೆಗೆ ಇಳಿಯಿತಲ್ಲ ಎಂಬುದನ್ನೇ ಟೀಚರಮ್ಮನಿಗೆ ಸಹಿಸಲಾಗಲಿಲ್ಲ. ಆವತ್ತಿನಿಂದ ಪಾರ್ಲರಿನ ಪರದೆಯಾಚೆಯ ಪ್ರತಿ ನಗು ಅವಳ ಕಿವಿಗೆ ಸೂಜಿ ಚುಚ್ಚತೊಡಗಿತು. ಏನು ಮಾತಾಡುತ್ತಾರೆ? ನನ್ನ ಬಗ್ಗೆಯೇ ಇರಬೇಕು. ಗುಬ್ಬಿ ಚಿಕ್ಕಮ್ಮನ ಮಡಿಲಲ್ಲಿ ತಲೆಯಿಟ್ಟುಕೊಂಡಿದ್ದು ಕಂಡರೆ ಇವಳ ಕೈಯಿಂದ ಪಾತ್ರೆ ಜಾರಿ ಬೀಳುತ್ತಿತ್ತು. ಬೀಳುತ್ತಿತ್ತೋ ಬೀಳಿಸುತ್ತಿದ್ದಳೋ, ಆ ಅಡುಗೆಮನೆಗೇ ಗೊತ್ತು.

ಹೊಟ್ಟೆಕಿಚ್ಚಿನವರು ಮೊದಲು ನಕಲು ಮಾಡುತ್ತಾರೆ. ಟೀಚರಮ್ಮನೂ ಒಂದು ಭಾನುವಾರ ಸ್ಟಾಪ್‌ವಾಚ್ ತೆಗೆದಿಟ್ಟು, ಮುಖದ ಮೇಲೆ ನಗು ಅಂಟಿಸಿಕೊಂಡು, ಮಗಳ ಪಕ್ಕ ಕೂತು, "ಏನೂ ಟೆನ್ಶನ್ ಇಲ್ಲ ಪುಟ್ಟಾ, ಆರಾಮಾಗಿ ಬರಿ" ಎಂದಳು. ಎರಡು ಪ್ರಶ್ನೆ ಆಗುವಷ್ಟರಲ್ಲಿ ಕೈ ತಾನಾಗೇ ಎದೆಯ ಮೇಲೆ ಸ್ಟಾಪ್‌ವಾಚ್ ತಡಕಾಡಿತು. ನಾಲ್ಕನೆಯದಕ್ಕೆ, "ಅಯ್ಯೋ, ಇಷ್ಟು ಸುಲಭದ್ದೂ ಬರಲ್ವಾ!" ಎಂದು ಬಾಯಿಂದ ಹಾರಿಯೇ ಹೋಯಿತು. ಗುಬ್ಬಿ ಪೆನ್ನು ಮುಚ್ಚಿಟ್ಟು, "ಅಮ್ಮ, ಕೆಳಗೆ ಹೋಗ್ಲಾ?" ಎಂದು ಕೇಳಿದಳು. ಆ ದನಿಯಲ್ಲಿ ಮೊಂಡುತನ ಇದ್ದಿದ್ದರೆ ಬೈಯಬಹುದಿತ್ತು. ಬರೀ ಬೇಡಿಕೆಯಿತ್ತು.

ಪರೀಕ್ಷೆಗೆ ವಾರವಿದೆ ಎನ್ನುವಾಗ ಮನೆ ಹೊತ್ತಿಕೊಂಡಿತು. ಊಟಕ್ಕೆ ಕೂತಿದ್ದಾಗ ಗುಬ್ಬಿ ತಟ್ಟೆ ನೋಡುತ್ತಲೇ ಅಂದಳು: "ಅಪ್ಪ, ಪರೀಕ್ಷೆ ದಿನ ನನ್ನ ಜೊತೆ ಚಿಕ್ಕಮ್ಮ ಬರಲಿ. ಅಮ್ಮ ಬೇಡ."

ಔಷಧಿ ಅಂಗಡಿಯವನು ಎಷ್ಟೋ ಜನರಿಗೆ ನೋವಿನ ಮಾತ್ರೆ ಕೊಟ್ಟವನು. ಈ ಮಾತಿಗೆ ಅವನ ಬಳಿ ಯಾವ ಮಾತ್ರೆಯೂ ಇರಲಿಲ್ಲ. ನೀರಿನ ಲೋಟ ಎತ್ತಿ ಮುಖ ಮರೆಸಿಕೊಂಡ. ಟೀಚರಮ್ಮ ಎದ್ದು ನಿಂತಳು. ಕೋಪವೆಲ್ಲ ತಿರುಗಿದ್ದು ಓರಗಿತ್ತಿಯ ಮೇಲೆ.

"ಏನೇ ಮಾಡಿದ್ದೀಯ ನನ್ನ ಮಗಳಿಗೆ? ಏನು ತಲೆಗೆ ತುಂಬಿದ್ದೀಯ?"

"ಅಕ್ಕ, ದೇವರಾಣೆ, ನಾನೇನೂ ಹೇಳಿಲ್ಲ..."

"ಏನೂ ಹೇಳ್ದೆ ಹೆತ್ತ ತಾಯಿನ ಬೇಡ ಅಂತಾಳಾ? ರಾತ್ರಿ ಹಗಲು ನಿದ್ದೆಗೆಟ್ಟು ಓದಿಸಿದ್ದು ನಾನು, ಕೊನೇಲಿ ಬಂದು ಹೆಸರು ತಗೊಳ್ಳೋಳು ನೀನು! ಮಗು ಬೇಕಿದ್ರೆ ಹೆತ್ಕೊಬೇಕಿತ್ತು ಕಣೇ! ಹೆರಲಾಗದವಳು ಹೆತ್ತವಳ ಮಡಿಲಿಗೆ ಕೈ ಹಾಕ್ತೀಯಾ?"

"ಟೀಚರಮ್ಮಾ!" ಎಂದು ಗಂಡ ಕೂಗಿದ. ತಡವಾಗಿತ್ತು. ಆಡಿದ ಮಾತು ಆಡಿಯಾಗಿತ್ತು.

ಚಿಕ್ಕಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, "ಇನ್ಮೇಲೆ ಗುಬ್ಬಿ ಪಾರ್ಲರಿಗೆ ಬರೋದು ಬೇಡ ಅಕ್ಕ" ಎಂದಷ್ಟೇ ಹೇಳಿ ಎದ್ದುಹೋದಳು. ಆ ರಾತ್ರಿಯಿಂದ ಮನೆಯಲ್ಲಿ ಮಾತು ನಿಂತಿತು. ಗುಬ್ಬಿ ಮೇಲಿನ ಕೋಣೆಯಲ್ಲಿ ಮತ್ತೆ ಅಭ್ಯಾಸದ ಪರೀಕ್ಷೆಗೆ ಕೂತಳು. ಅರ್ಧ ಹೋಯಿತೆಂದು ಟೀಚರಮ್ಮ ಹೇಳುವಷ್ಟರಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಓಡಿಹೋಗಿ ವಾಂತಿ ಮಾಡಿಕೊಂಡಳು...

"ಸಾಕು ಮಾಡು, ನಿನ್ನ ಕಾಲಿಗೆ ಬೀಳ್ತೀನಿ" ಎಂದ ಗಂಡ. "ಅವಳು ಪಾಸಾಗೋದು ಮುಖ್ಯನೋ, ನಿನ್ನಿಂದಲೇ ಪಾಸಾಗೋದು ಮುಖ್ಯನೋ?"

ಟೀಚರಮ್ಮನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಮಾರನೆಯ ದಿನ ಶಾಲೆಯಿಂದ ಬಂದವಳ ಮುಖ ಅರಳಿತ್ತು. ಆ ಪ್ರವೇಶ ಪರೀಕ್ಷೆಗೆ ಊರಿನ ಹಲವು ಶಾಲೆಗಳಿಂದ ಮೇಲ್ವಿಚಾರಕರನ್ನು ಕರೆಯುತ್ತಿದ್ದರು. ಗುಬ್ಬಿಯ ಕೇಂದ್ರಕ್ಕೇ ಅವಳು ಹೆಸರು ಕೊಟ್ಟು ಬಂದಿದ್ದಳು. "ಚಿಕ್ಕಮ್ಮ ಜೊತೇಲಿ ಬರಲಿ, ನಂದೇನೂ ಅಡ್ಡಿಯಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಗೇಟಿನ ತನಕ ತಾನೇ? ಒಳಗೆ ನಾನಿರ್ತೀನಿ." ಗುಬ್ಬಿ ಬೆಚ್ಚಿ ನೋಡಿದಳು. "ನಿನ್ನ ಕೊಠಡೀಲಿ ಅಲ್ಲ ಮಾರಾಯ್ತಿ, ಬೇರೆಲ್ಲೋ" ಎಂದು ತಾಯಿ ನಕ್ಕಳು. ಹಲವು ದಿನಗಳ ಮೇಲೆ ಆ ರಾತ್ರಿ ಅವಳಿಗೆ ಸುಖವಾಗಿ ನಿದ್ದೆ ಬಂತು. ಗೇಟಿನ ಒಳಗೆ ತಾನು, ಹೊರಗೆ ಅವಳು! ಎಷ್ಟು ಸಲ ನೆನೆದರೂ ಸಿಹಿಯಾಗೇ ಇತ್ತು.

ಪರೀಕ್ಷೆಯ ಬೆಳಿಗ್ಗೆ ಮುಖ್ಯ ಅಧೀಕ್ಷಕರು ಮೇಲ್ವಿಚಾರಕರನ್ನೆಲ್ಲ ನಿಲ್ಲಿಸಿಕೊಂಡು ಕೇಳಿದರು: "ನಿಮ್ಮ ಮನೆಯವರು ಯಾರಾದ್ರೂ ಇಲ್ಲಿ ಬರೀತಿದ್ದಾರಾ? ಇದ್ರೆ ಈಗಲೇ ಹೇಳಿ, ಬೇರೆ ಕಡೆ ಕಳಿಸ್ತೀವಿ." ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ಹುಡುಗರಿಗೆ ಪ್ರಾಮಾಣಿಕತೆಯ ಪಾಠ ಹೇಳುವ ಟೀಚರಮ್ಮನ ತಲೆಯೂ ಆಡಿತು. ಅಷ್ಟಕ್ಕೇ ನಿಂತಳೇ? ಗುಬ್ಬಿಯ ಕೊಠಡಿ ಮಹಡಿಯ ಮೇಲೆ, ಅದಕ್ಕೆ ಹೋಗಬೇಕಾದ ಡ್ರಾಯಿಂಗ್ ಮೇಷ್ಟ್ರಿಗೆ ಮಂಡಿನೋವು. "ನೀವ್ಯಾಕೆ ಸಾರ್ ಮೆಟ್ಟಿಲು ಹತ್ತೋದು? ನನ್ನ ಕೊಠಡಿ ಕೆಳಗೇ ಇದೆ, ತಗೊಳ್ಳಿ" ಎಂದಳು. ಮೇಷ್ಟ್ರು ಪುಣ್ಯಾತ್ಗಿತ್ತಿ ಎಂದು ಕೈಮುಗಿದರು. ಉತ್ತರ ಹೇಳಿಕೊಡುವ ಯೋಚನೆ ಅವಳಿಗೆ ಕನಸಲ್ಲೂ ಇರಲಿಲ್ಲ, ಅಷ್ಟನ್ನು ಒಪ್ಪಬೇಕು. ತನ್ನನ್ನು ಕಂಡೊಡನೆ ಮಗಳ ಮುಖ ಅರಳಬೇಕು, ಧೈರ್ಯ ಕೊಟ್ಟವಳು ಅಮ್ಮ ಎಂದು ಹೊರಗೆ ಬಂದು ಅವಳೇ ಹೇಳಬೇಕು. ಇಷ್ಟೇ ಆಸೆ.

ಗುಬ್ಬಿ ಕೊಠಡಿಯೊಳಗೆ ಬಂದಳು. ತಾಯಿಯನ್ನು ಕಂಡಳು. ಮುಖದ ರಕ್ತವೆಲ್ಲ ಇಳಿದುಹೋಯಿತು.

ಆಶ್ಚರ್ಯಕ್ಕೆ ಇರಬೇಕು ಎಂದುಕೊಂಡಳು ಟೀಚರಮ್ಮ. ಪ್ರಶ್ನೆಪತ್ರಿಕೆ ಹಂಚಿದಳು, ಗಂಟೆ ಹೊಡೆಯಿತು, ಎಲ್ಲರೂ ತಲೆ ತಗ್ಗಿಸಿದರು. ಗುಬ್ಬಿ ಒಂದು ಪ್ರಶ್ನೆ ಓದಿ ತಲೆಯೆತ್ತುತ್ತಿದ್ದಳು, ತಾಯಿಯ ಮುಖ ನೋಡುತ್ತಿದ್ದಳು, ಬರೆದದ್ದನ್ನು ಗೀಟು ಹಾಕಿ ಅಳಿಸುತ್ತಿದ್ದಳು. ಮತ್ತೆ ಓದು, ಮತ್ತೆ ಮುಖ, ಮತ್ತೆ ಗೀಟು. ಗೋಡೆಯ ಮೇಲೆ ತಟ್ಟೆಯಗಲದ ಗಡಿಯಾರವಿತ್ತು. ಅದರ ಕಡೆ ಹುಡುಗಿ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಟೀಚರಮ್ಮ ನಕ್ಕು ತಲೆಯಾಡಿಸಿದಳು, ಬರಿ ಬರಿ ಎಂದು ಕಣ್ಣಲ್ಲೇ ಹೇಳಿದಳು. ಹೇಳಿದಷ್ಟೂ ಹುಡುಗಿ ಇನ್ನೊಂದು ಸಾಲಿಗೆ ಗೀಟು ಹಾಕಿದಳು.

ಅರ್ಧ ಸಮಯವಾದಾಗ ಮೇಲ್ವಿಚಾರಕರು ಕೂಗಿ ಹೇಳಬೇಕೆಂಬುದು ನಿಯಮ. "ಅರ್ಧ ಸಮಯ ಮುಗಿದಿದೆ" ಎಂದಳು. ಮೇಲಿನ ಕೋಣೆಯ ಅದೇ ದನಿ! ಗುಬ್ಬಿಯ ಪೆನ್ನು ನೆಲಕ್ಕೆ ಬಿತ್ತು. ಎತ್ತಿಕೊಡೋಣವೆಂದು ಟೀಚರಮ್ಮ ಹತ್ತಿರ ಹೋಗಿ ಬಗ್ಗಿದಳು. ಆಗ ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿ, ಭುಜ ಎರಡನ್ನೂ ಕಿವಿಯ ತನಕ ಎಳೆದುಕೊಂಡು ಮುದುಡಿಬಿಟ್ಟಳು, ಏಟು ಬೀಳುತ್ತದೆ ಎನ್ನುವವರ ಹಾಗೆ.

ಅಯ್ಯೋ... ಒಂದು ದಿನವೂ ಮಗಳ ಮೇಲೆ ಕೈ ಮಾಡಿದವಳಲ್ಲ ಟೀಚರಮ್ಮ! ಪೆನ್ನನ್ನು ಮೇಜಿನ ಮೇಲಿಟ್ಟವಳು ಉತ್ತರಪತ್ರಿಕೆಯ ಮೇಲೆ ಕಣ್ಣು ಹಾಯಿಸಿದಳು. ಬಹುಪಾಲು ಬಿಳಿಯೇ ಇತ್ತು. ನನ್ನ ಮಗಳು ಹೆದರಿದ್ದು ಗಡಿಯಾರಕ್ಕಲ್ಲ, ಪ್ರಶ್ನೆಗಲ್ಲ... ನನಗೆ! ನಾನು ಇಲ್ಲಿ ನಿಂತಷ್ಟು ಹೊತ್ತೂ ಇವಳ ಬಾಳನ್ನು ನಾನೇ ಅಳಿಸುತ್ತಿದ್ದೇನೆ! ಇದು ತಿಳಿದದ್ದೇ ಅವಳು ಬಾಗಿಲಿಗೆ ಹೋಗಿ, ಮೊಗಸಾಲೆಯಲ್ಲಿ ಓಡಾಡುತ್ತಿದ್ದ ಮುಖ್ಯ ಅಧೀಕ್ಷಕರನ್ನು ಕರೆದಳು.

"ಸಾರ್, ತಲೆ ಸುತ್ತುತ್ತಾ ಇದೆ. ಬೇರೆ ಯಾರನ್ನಾದ್ರೂ ಹಾಕಿ."

"ಸ್ವಲ್ಪ ತಡ್ಕೊಳ್ಳಿ ಮೇಡಂ. ಬದಲಿಗಿರೋರು ಒಬ್ಬರೇ, ಕೆಳಗೆ ಯಾವುದೋ ಕೊಠಡೀಲಿದ್ದಾರೆ. ಅರ್ಧ ಗಂಟೆ."

ಅರ್ಧ ಗಂಟೆ! ಅಷ್ಟು ಹೊತ್ತಾದರೆ ಏನು ಉಳಿಯುತ್ತದೆ? ತಡ್ಕೊಂಡಿದ್ದರೆ ನೌಕರಿ ಉಳಿಯುತ್ತಿತ್ತು, ಮರ್ಯಾದೆ ಉಳಿಯುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಟೀಚರಮ್ಮ ಸೆರಗಿನಿಂದ ಬೆವರು ಒರೆಸಿಕೊಂಡಳು.

"ಸಾರ್, ಈ ಕೊಠಡೀಲಿ ನನ್ನ ಮಗಳು ಬರೀತಿದ್ದಾಳೆ. ಬೆಳಿಗ್ಗೆ ನಾನು ಸುಳ್ಳು ಹೇಳಿದೆ. ಕೊಠಡಿನೂ ನಾನೇ ಬೇಕಂತ ಬದಲಾಯಿಸ್ಕೊಂಡೆ. ನಾನು ಇಲ್ಲಿ ಒಂದು ನಿಮಿಷನೂ ನಿಲ್ಲಬಾರದು."

ಅವರ ಮುಖ ಕಪ್ಪಿಟ್ಟಿತು. "ಏನ್ರೀ ಇದು! ಏನಾದ್ರೂ ಹೇಳ್ಕೊಟ್ರಾ?"

"ಒಂದಕ್ಷರ ಇಲ್ಲ. ಉಳಿದ ಮಕ್ಕಳನ್ನ ಕೇಳಿ, ಅವಳ ಪೇಪರ್ ನೋಡಿ. ಅದರಲ್ಲಿ ಏನೂ ಇಲ್ಲ ಸಾರ್... ನಾನಿದ್ದೆ ಅಂತಲೇ ಏನೂ ಇಲ್ಲ. ಅವಳಿಗೆ ಇದ್ಯಾವುದೂ ಗೊತ್ತಿಲ್ಲ. ಶಿಕ್ಷೆ ಏನಿದ್ರೂ ನನಗೆ ಕೊಡಿ, ಅವಳನ್ನ ಬರೆಯೋಕೆ ಬಿಡಿ!"

ಅವರು ತಾವೇ ಒಳಗೆ ಹೋಗಿ ಬಂದರು. ಗುಬ್ಬಿಯ ಪತ್ರಿಕೆ ಅವರಿಗೆ ಎಲ್ಲವನ್ನೂ ಹೇಳಿರಬೇಕು, ದನಿ ಕೊಂಚ ಮೆತ್ತಗಾಗಿತ್ತು. "ಹುಡುಗಿ ಬರೀಲಿ. ಬೇರೆಯವರು ಬರೋ ತನಕ ನಾನೇ ಇಲ್ಲಿ ನಿಲ್ತೀನಿ. ಆದ್ರೆ ನಿಮ್ಮನ್ನ ಬಿಡೋಕಾಗಲ್ಲ ಮೇಡಂ. ಇಲಾಖೆಗೆ ಬರೀಲೇಬೇಕು. ಇನ್ನು ಯಾವ ಪರೀಕ್ಷೆ ಕೆಲಸಾನೂ ನಿಮಗೆ ಸಿಗಲ್ಲ, ನೌಕರಿಗೂ ಏನಾಗುತ್ತೋ ಹೇಳಲಾರೆ. ಈಗ ಹೊರಗೆ ಹೋಗಿ, ಮುಗಿದ ಮೇಲೆ ನನ್ನ ಕೋಣೆಗೆ ಬನ್ನಿ."

ಕಾವಲುಗಾರ ಗೇಟು ತೆರೆದ. ಎದುರಿನ ಮರದ ಕೆಳಗೆ, ಮಕ್ಕಳ ಚೀಲಗಳ ರಾಶಿಯ ನಡುವೆ ಚಿಕ್ಕಮ್ಮ ಕೂತಿದ್ದಳು.

"ಅಕ್ಕ! ನೀವ್ಯಾಕೆ ಹೊರಗೆ? ಗುಬ್ಬಿಗೆ ಏನಾಯ್ತು?"

"ಏನೂ ಆಗಿಲ್ಲ. ನನ್ನನ್ನ ಹೊರಗೆ ಕಳಿಸಿದ್ರು." ಟೀಚರಮ್ಮ ಅವಳ ಪಕ್ಕದಲ್ಲೇ ಕುಸಿದಳು. ನಡೆದದ್ದನ್ನೆಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಬಿಕ್ಕಿದಳು. "ಗುಬ್ಬಿಗೆ ತಿಳೀಬಾರದು. ತನ್ನಿಂದ ಅಮ್ಮನ ಕೆಲಸಕ್ಕೆ ಕುತ್ತು ಬಂತು ಅಂತ ಆ ಹುಡುಗಿ ಕೊರಗಿ ಸಾಯ್ತಾಳೆ. ನನ್ನ ಮೇಲಾಣೆ ಇಡು."

"ಹೇಳಲ್ಲ ಅಕ್ಕ."

ಆಮೇಲೆ ಟೀಚರಮ್ಮ ನೆಲ ನೋಡುತ್ತಾ ಕೇಳಿದಳು: "ನಿಜ ಹೇಳು. ನೀನು ಅವಳಿಗೆ ಏನು ಮಾಡ್ತೀಯ?"

"ಏನೂ ಮಾಡಲ್ಲ ಅಕ್ಕ. ನನ್ನ ಪಾಡಿಗೆ ನಾನು ಬಾಚ್ತಾ ಇರ್ತೀನಿ, ಅವಳ ಪಾಡಿಗೆ ಅವಳು ಬರೀತಾ ಇರ್ತಾಳೆ. ನಾನು ಅವಳ ಕಡೆ ನೋಡೋದೂ ಇಲ್ಲ."

"ಅವಳು ಬರೀತಾ ಇದ್ರೆ ನೋಡ್ದೆ ಹೇಗೇ ಇರ್ತೀಯ?"

"ಹೆತ್ತಿಲ್ವಲ್ಲ ಅಕ್ಕ... ಅದಕ್ಕೇ ಆಗುತ್ತೆ."

ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಟೀಚರಮ್ಮ ಓರಗಿತ್ತಿಯ ಕೈ ಹಿಡಿದುಕೊಂಡಳು. "ಆವತ್ತು ನಾನಾಡಿದ ಮಾತಿಗೆ ನನ್ನ ನಾಲಿಗೆ ಸೀದುಹೋಗಬೇಕಿತ್ತು ಕಣೇ" ಎಂದಳು. ಚಿಕ್ಕಮ್ಮ ಆ ಕೈಯನ್ನು ಬಿಡದೆ ಹಿಡಿದು ಕೂತಳು. ಇಷ್ಟಾಗಿಯೂ ಟೀಚರಮ್ಮನ ಹೊಟ್ಟೆಯ ಕೆಂಡ ಆರಿತೆಂದು ನಾನು ಹೇಳಿದರೆ ನೀವು ನಂಬಬೇಡಿ.

ಕೊನೆಯ ಗಂಟೆ ಹೊಡೆಯಿತು. ಮಕ್ಕಳು ನುಗ್ಗಿ ಬಂದರು. ಟೀಚರಮ್ಮ ಸರಕ್ಕನೆ ಎದ್ದು ಮರದ ಹಿಂದಕ್ಕೆ ಸರಿದಳು. ಗುಬ್ಬಿ ಓಡೋಡಿ ಬಂದು ಚಿಕ್ಕಮ್ಮನ ಕೊರಳಿಗೆ ಜೋತುಬಿದ್ದಳು.

"ಚಿಕ್ಕಮ್ಮಾ! ಮುಗಿಸಿದೆ! ಕ್ಲಿಪ್ ಹಾಕಿದ್ದು ಏಳೆಂಟು ಉಳೀತು, ಬಾಕಿ ಎಲ್ಲಾ ಬರೆದೆ! ಮೊದಲು ಅಮ್ಮ ಬಂದುಬಿಟ್ಟಿದ್ರು ನಮ್ಮ ಕೊಠಡಿಗೇ... ನನ್ನ ಕೈನೇ ಓಡ್ಲಿಲ್ಲ, ಸತ್ತೇಹೋದೆ ಅಂದ್ಕೊಂಡೆ. ಆಮೇಲೆ ಅದೇನೋ ಅಮ್ಮ ಹೋಗಿಬಿಟ್ರು. ಕಾಲು ನೆಲಕ್ಕೆ ಊರಿ ಉಸಿರು ಬಿಟ್ಟೆ ನೋಡು, ಕೈ ಸರಸರ ಓಡ್ತು!"

ಚಿಕ್ಕಮ್ಮನ ಮುಖ ನೋಡಿ ಅವಳು ತಿರುಗಿದಳು. ಮರದ ಹಿಂದೆ ತಾಯಿ ನಿಂತಿದ್ದಳು. ಗುಬ್ಬಿ ನಾಲಿಗೆ ಕಚ್ಚಿಕೊಂಡಳು. "ಅಮ್ಮ... ನೀನು ಎಲ್ಲಿಗೆ ಹೋದೆ?"

"ಬೇರೆ ಕೊಠಡೀಲಿ ಜನ ಕಮ್ಮಿಯಿದ್ರು, ಕರೆದ್ರು."

"ಒಳ್ಳೇದಾಯ್ತು ಬಿಡಮ್ಮ!" ಎಂದುಬಿಟ್ಟಿತು ಹುಡುಗಿ, ಖುಷಿಯಲ್ಲಿ.

"ಹೌದು ಪುಟ್ಟಾ, ಒಳ್ಳೇದಾಯ್ತು" ಎಂದಳು ಟೀಚರಮ್ಮ. ಮಗಳ ಹಣೆಯ ಮೇಲಿನ ಕೂದಲು ಸರಿಸಬೇಕೆಂದು ಕೈಯೆತ್ತಿದವಳು ಹಾಗೇ ಇಳಿಸಿದಳು. "ಬಿಸಿಲಲ್ಲಿ ನಿಲ್ಬೇಡ. ಚಿಕ್ಕಮ್ಮನ ಜೊತೆ ಮನೆಗೆ ಹೋಗು."

"ನೀನು ಬರಲ್ವಾ?"

"ಬರ್ತೀನಿ. ಒಳಗೆ ಸ್ವಲ್ಪ ಕೆಲಸ ಇದೆ."

ಚಿಕ್ಕಮ್ಮ ಏನೋ ಹೇಳಲು ಬಾಯಿ ತೆರೆದಳು. ಟೀಚರಮ್ಮ ತಲೆಯಾಡಿಸಿ ಬೇಡವೆಂದಳು. ಅವರಿಬ್ಬರೂ ಕೈ ಕೈ ಹಿಡಿದು ಬೀದಿಯ ತಿರುವಿನ ತನಕ ಹೋಗುವುದನ್ನು ನೋಡುತ್ತಾ ನಿಂತಳು. ಗುಬ್ಬಿ ಏನೋ ಹೇಳಿ ಜೋರಾಗಿ ನಗುತ್ತಿದ್ದಳು. ಎಂದಿನಂತೆಯೇ ಹೊಟ್ಟೆ ಉರಿಯಿತು. ಉರಿಯಲಿ ಬಿಡು, ಅವಳು ನಗುತ್ತಿದ್ದಾಳಲ್ಲ ಎಂದುಕೊಂಡು ಟೀಚರಮ್ಮ ಕಣ್ಣೊರೆಸಿಕೊಂಡಳು, ಸೆರಗು ಸರಿಮಾಡಿಕೊಂಡಳು, ಮುಖ್ಯ ಅಧೀಕ್ಷಕರ ಕೋಣೆಯ ಕಡೆಗೆ ನಡೆದಳು.